ಮೂರನೇ ಕುರ್ಚಿ: ವಿಜ್ಞಾನ ಕಥೆಯ ಪಾಡ್‌ಕಾಸ್ಟ್ ನಡೆಸೋದು, ಸುಧಾರಿಸೋದು

ನಮ್ಮ ಸಂಘದ ವಿಜ್ಞಾನ ಕಥೆ ಪಾಡ್‌ಕಾಸ್ಟ್ ಶುರು ಮಾಡಿದ ಸೀನಿಯರ್‌ಗಳು ಈ ವರ್ಷ ಕಾಲೇಜು ಮುಗಿಸಿ ಹೋಗ್ತಾ ಇದ್ದಾರೆ. ಎಡಿಟಿಂಗ್ ಚೆನ್ನಾಗಿ ಗೊತ್ತಿರುವವರು ಇಬ್ಬರು, ಇಬ್ಬರೂ ಫೈನಲ್ ಇಯರ್. ಮೈಕ್ ಮುಂದೆ ಕೂರುವ ಉತ್ಸಾಹ ಫಸ್ಟ್ ಇಯರ್‌ನವರಿಗೆ ಬೇಕಾದಷ್ಟಿದೆ, ಆದರೆ ಮೈಕ್ ಹಿಂದೆ ಏನೇನು ನಡೆಯುತ್ತೆ ಅನ್ನೋದನ್ನು ಯಾರೂ ಎಲ್ಲೂ ಬರೆದಿಟ್ಟಿಲ್ಲ. ಬಾಯಿಂದ ಬಾಯಿಗೆ ದಾಟಿಸಿದ್ದು ಒಂದು ಬ್ಯಾಚ್ ಹೋದರೆ ಹೋಯ್ತು. ಅದಕ್ಕೇ ಈ ಪಾಠ. ವಿಜ್ಞಾನ ಕಥೆ ಬೇಡ, ಕ್ರಿಕೆಟ್ ಪಾಡ್‌ಕಾಸ್ಟ್ ಮಾಡ್ತೀವಿ ಅನ್ನುವವರಿಗೂ ಅರ್ಧ ಉಪಯೋಗಕ್ಕೆ ಬರುತ್ತೆ.

ಪಾಡ್‌ಕಾಸ್ಟ್ ಸುಧಾರಿಸಬೇಕು ಅಂದ ಕೂಡಲೇ ಎಲ್ಲರ ತಲೆಗೆ ಬರೋದು ಹೊಸ ಮೈಕ್. ನಮ್ಮ ಲೆಕ್ಕದಲ್ಲಿ ಮೈಕ್ ಇರೋದು ಸಾಲಿನಲ್ಲಿ ಮೂರನೆಯದೋ ನಾಲ್ಕನೆಯದೋ ಜಾಗದಲ್ಲಿ. ಮೊದಲನೇ ಜಾಗ ಕೇಳುವವರದ್ದು. ಅದನ್ನೇ ನಾವು ಮೂರನೇ ಕುರ್ಚಿ ಅಂತ ಕರೆಯೋದು. ಮಾತಾಡೋರು ಇಬ್ಬರು ಇದ್ದರೂ ರೂಮಿನಲ್ಲಿ ಮೂರು ಕುರ್ಚಿ ಹಾಕಿ ಕೂರುತ್ತೇವೆ. ಮೂರನೆಯದು ಖಾಲಿ. ಆ ಪುಸ್ತಕ ಓದದ, ಆ ಸಿನಿಮಾ ನೋಡದ ಒಬ್ಬರು ಅಲ್ಲಿ ಕೂತಿದ್ದಾರೆ ಅಂದುಕೊಂಡು ಮಾತಾಡಬೇಕು. ಕೇಳಲು ಹುಡುಗಾಟದ ಥರ ಇದೆ, ಆದರೆ ಕೆಲಸ ಮಾಡುತ್ತೆ.

‘ಫ್ಯಾನ್’ ಪಾಡ್‌ಕಾಸ್ಟ್ ಅಂದರೇನು ಅನ್ನೋದನ್ನು ಬೇಗ ಮುಗಿಸೋಣ. ವಿಜ್ಞಾನ ಕಥೆಯ ಓದುಗರೇ ವೋಟ್ ಹಾಕಿ ಕೊಡುವ ಹ್ಯೂಗೋ ಪ್ರಶಸ್ತಿಯಲ್ಲಿ 2010ರಲ್ಲಿ ಸ್ಟಾರ್‌ಶಿಪ್‌ಸೋಫಾ ಅನ್ನುವ ಪಾಡ್‌ಕಾಸ್ಟ್ ‘ಅತ್ಯುತ್ತಮ ಫ್ಯಾನ್‌ಜೀನ್’ ವಿಭಾಗ ಗೆದ್ದಿತು. ಅಂದರೆ ಅಭಿಮಾನಿಗಳು ತಾವೇ ಬರೆದು ಹಂಚುವ ಪತ್ರಿಕೆಗಳ ಪಂದ್ಯದಲ್ಲಿ ಧ್ವನಿ ಗೆದ್ದಿದ್ದು. 2012ರಲ್ಲಿ ‘ಫ್ಯಾನ್‌ಕಾಸ್ಟ್’ ಅಂತ ಬೇರೆ ವಿಭಾಗವೇ ಬಂತು. ಅದರ ನಿಯಮ ಎರಡು ಮುಖ್ಯ: ಅದು ವೃತ್ತಿಪರವಾಗಿ ಮಾಡಿದ್ದಾಗಿರಬಾರದು, ಮತ್ತು ಕನಿಷ್ಠ ನಾಲ್ಕು ಎಪಿಸೋಡ್ ಆದರೂ ಬಂದಿರಬೇಕು. ನಾಲ್ಕೇ ತಾನೇ ಅಂತ ನಗಬೇಡಿ. ಮೂರನೇ ಎಪಿಸೋಡ್‌ಗೆ ನಿಂತುಹೋದ ಪಾಡ್‌ಕಾಸ್ಟ್‌ಗಳು ಎಷ್ಟಿವೆ ಅಂತ ಯಾವ ಆ್ಯಪ್‌ನಲ್ಲಿ ಹುಡುಕಿದರೂ ಗೊತ್ತಾಗತ್ತೆ.

ವಿಜ್ಞಾನ ಕಥೆಗೂ ಧ್ವನಿಗೂ ಹಳೇ ನಂಟು. 1938ರ ಅಕ್ಟೋಬರ್ 30ರಂದು ಆರ್ಸನ್ ವೆಲ್ಸ್ ಅಮೆರಿಕದ ಸಿಬಿಎಸ್ ರೇಡಿಯೋದಲ್ಲಿ ಎಚ್. ಜಿ. ವೆಲ್ಸ್ ಅವರ ‘ವಾರ್ ಆಫ್ ದಿ ವರ್ಲ್ಡ್ಸ್’ ಕಾದಂಬರಿಯನ್ನು ನಾಟಕ ಮಾಡಿದರು. (ಇಬ್ಬರ ಹೆಸರೂ ಕನ್ನಡದಲ್ಲಿ ಒಂದೇ ಥರ ಕೇಳುತ್ತೆ, ಇಂಗ್ಲಿಷ್ ಸ್ಪೆಲಿಂಗ್ ಬೇರೆ. ಎಪಿಸೋಡ್‌ನಲ್ಲಿ ‘ಕಾದಂಬರಿಕಾರ ವೆಲ್ಸ್’, ‘ರೇಡಿಯೋ ವೆಲ್ಸ್’ ಅಂತ ಹೇಳಿಯೇ ಮುಂದೆ ಹೋಗಬೇಕು.) ಅದರಲ್ಲಿ ಡ್ಯಾನ್ಸ್ ಸಂಗೀತ ಬರ್ತಾ ಇರುತ್ತೆ, ನಡುವೆ ತಡೆದು ಸುದ್ದಿ ಬರುತ್ತೆ, ಮತ್ತೆ ಸಂಗೀತ, ಮತ್ತೆ ಸುದ್ದಿ. ಮಂಗಳನ ಹಡಗು ಒಂದು ಸಲವೂ ಕಣ್ಣಿಗೆ ಬೀಳಲ್ಲ. 1978ರಲ್ಲಿ ಡಗ್ಲಸ್ ಆಡಮ್ಸ್‌ನ ‘ಹಿಚ್‌ಹೈಕರ್ಸ್ ಗೈಡ್ ಟು ದಿ ಗ್ಯಾಲಕ್ಸಿ’ ಮೊದಲು ಬಂದಿದ್ದು ಬಿಬಿಸಿ ರೇಡಿಯೋದಲ್ಲಿ, ಪುಸ್ತಕ ಆದದ್ದು ಮರುವರ್ಷ. ಗ್ರಾಫಿಕ್ಸ್‌ಗೆ ಕೋಟಿಗಟ್ಟಲೆ ಸುರಿಯುವ ಕಾಲದಲ್ಲಿ ನಮ್ಮ ಹತ್ತಿರ ಇರೋದು ಎರಡು ಮೊಬೈಲ್, ಒಂದು ಲ್ಯಾಪ್‌ಟಾಪ್ ಅಂತ ಬೇಜಾರು ಮಾಡಿಕೊಳ್ಳಬೇಕಾಗಿಲ್ಲ. ನಮ್ಮ ಮೈಸೂರಿನಲ್ಲೇ 1935ರಲ್ಲಿ ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲೇ ರೇಡಿಯೋ ಕೇಂದ್ರ ಶುರು ಮಾಡಿದ್ದರು. ‘ಆಕಾಶವಾಣಿ’ ಅನ್ನುವ ಹೆಸರು ಬಂದದ್ದು ಆ ಮನೆಯಿಂದ.

ಈಗ ಮೂರನೇ ಕುರ್ಚಿಗೆ ಬರೋಣ. ಇಬ್ಬರು ಫ್ಯಾನ್‌ಗಳು ‘ಇಂಟರ್‌ಸ್ಟೆಲ್ಲರ್’ ಬಗ್ಗೆ ಮಾತಾಡಲು ಕೂತರೆ ಸಾಮಾನ್ಯವಾಗಿ ಹೀಗಿರತ್ತೆ:

“ಮಗಾ, ಆ ಅಲೆ ಬರುತ್ತಲ್ಲ, ಆ ಸೀನ್...”

“ಅಯ್ಯೋ ಹೂಂ ಕಣೋ! ಆಮೇಲೆ ವಾಪಸ್ ಬಂದಾಗ ಅವನು...”

“ಹೂಂ ಹೂಂ, ಸಖತ್.”

ಇಬ್ಬರಿಗೂ ಎಲ್ಲ ಅರ್ಥ ಆಯ್ತು, ಇಬ್ಬರಿಗೂ ಖುಷಿ. ಮೂರನೇ ಕುರ್ಚಿಯವರಿಗೆ ಸಿಕ್ಕಿದ್ದು ಮೂರು ‘ಹೂಂ’. ಕ್ಯಾಂಟೀನ್‌ನಲ್ಲಿ ಇದು ಚೆನ್ನಾಗಿರುತ್ತೆ, ಪಕ್ಕದಲ್ಲಿ ಕೂತವರು ‘ಏನದು?’ ಅಂತ ಕೇಳಬಹುದು. ಇಯರ್‌ಫೋನ್ ಹಾಕಿಕೊಂಡವರು ಕೇಳಲಾರರು. ಅವರ ಕೈಯಲ್ಲಿ ಇರೋದು ಒಂದೇ ಬಟನ್, ಅದನ್ನು ಒತ್ತಿ ಹಾಡು ಹಾಕಿಕೊಳ್ಳುತ್ತಾರೆ. ಹಾಗಾಗಿ ಇಬ್ಬರಲ್ಲಿ ಒಬ್ಬರು ಪ್ರತಿ ಎಪಿಸೋಡ್‌ನಲ್ಲೂ ಆ ಖಾಲಿ ಕುರ್ಚಿಯ ಪರವಾಗಿ ಪ್ರಶ್ನೆ ಕೇಳಬೇಕು. ಯಾವ ಅಲೆ? ಯಾವ ಗ್ರಹ? ವಾಪಸ್ ಬಂದಾಗ ಯಾರಿಗೆ ಎಷ್ಟು ವಯಸ್ಸಾಗಿತ್ತು? ಗೊತ್ತಿದ್ದೂ ಕೇಳಬೇಕು.

ಈ ಕುರ್ಚಿಯಲ್ಲಿ ನಿಜವಾಗಿ ಕೂರುವ ಒಬ್ಬ ನಮಗೆ ಸಿಕ್ಕಿದ್ದಾನೆ. ಹಾಸ್ಟೆಲ್‌ನ ಜೂನಿಯರ್, ರಾಯಚೂರು ಕಡೆಯವನು, ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ. ಹೊರಗೆ ಬಿಡುವ ಮುಂಚೆ ಪ್ರತಿ ಎಪಿಸೋಡನ್ನೂ ಅವನಿಗೆ ಕೇಳಿಸುತ್ತೇವೆ. ಮೈಕ್ ಮುಂದೆ ಕೂರುವ ನಾವೆಲ್ಲ ಹೆಚ್ಚುಕಮ್ಮಿ ಇಂಗ್ಲಿಷ್ ಮೀಡಿಯಂನವರು. ವಿಜ್ಞಾನ ಕಥೆ ಓದಿದ್ದೂ ಇಂಗ್ಲಿಷಿನಲ್ಲೇ. ಒಂದು ಎಪಿಸೋಡ್ ಕೇಳಿ ಅವನು ಹೇಳಿದ್ದು: “ಅಣ್ಣಾ, ನೀವು ಮಾತಾಡಿದ್ದು ಕನ್ನಡ ಅಲ್ರಿ. ಇಂಗ್ಲಿಷಿಗೆ ‘ಅಲ್ಲಿ, ಇಂದ’ ಹಚ್ಚೀರಿ ಅಷ್ಟ.” ಇದಕ್ಕಿಂತ ಒಳ್ಳೆ ವಿಮರ್ಶೆ ಯಾವ ಆ್ಯಪ್‌ನ ಫೈವ್ ಸ್ಟಾರ್‌ನಲ್ಲೂ ಸಿಗಲ್ಲ.

ಅವನು ಹೇಳಿದ್ದು ಈ ಥರದ ವಾಕ್ಯದ ಬಗ್ಗೆ: ‘ಗ್ರಾವಿಟೇಷನಲ್ ಟೈಮ್ ಡೈಲೇಷನ್‌ನಿಂದ ಆ ಪ್ಲಾನೆಟ್‌ನಲ್ಲಿ ಟೈಮ್ ಸ್ಲೋ ಆಗಿ ಪಾಸ್ ಆಗುತ್ತೆ.’ ಇದನ್ನು ಸರಿಮಾಡುವುದು ಅಂದರೆ ‘ಗುರುತ್ವಾಕರ್ಷಣಜನ್ಯ ಕಾಲವಿಸ್ತರಣ’ ಅನ್ನೋದಾ? ಅಲ್ಲ. ಅದು ಅವನಿಗೂ ಅರ್ಥ ಆಗಲ್ಲ, ನಮಗೂ ಆಗಲ್ಲ, ಹೇಳುವಾಗ ನಾಲಿಗೆ ಬೇರೆ ತೊಡರುತ್ತೆ. ನಾವು ಹಿಡಿದ ದಾರಿ ಏನಂದರೆ ಮೊದಲು ವಿಷಯ, ಆಮೇಲೆ ಹೆಸರು. ‘ಭಾರಿ ಗುರುತ್ವ ಇರುವ ಜಾಗದ ಹತ್ತಿರ ಹೋದಷ್ಟೂ ಗಡಿಯಾರ ನಿಧಾನ ಆಗುತ್ತೆ. ಗಡಿಯಾರ ಕೆಟ್ಟು ನಿಧಾನ ಆಗೋದಲ್ಲ, ಸಮಯವೇ ನಿಧಾನ.’ ಇಷ್ಟು ಹೇಳಿದ ಮೇಲೆ ‘ಇದಕ್ಕೆ ಟೈಮ್ ಡೈಲೇಷನ್ ಅಂತಾರೆ’ ಅಂದರೆ ಆ ಇಂಗ್ಲಿಷ್ ಪದ ಯಾರನ್ನೂ ಹೆದರಿಸಲ್ಲ. ರಾಕೆಟ್, ರೋಬೋ, ಲೇಸರ್ ಇವೆಲ್ಲ ಯಾವತ್ತೋ ಕನ್ನಡ ಆಗಿವೆ, ಅವುಗಳ ತಂಟೆಗೆ ಹೋಗಬೇಡಿ.

ಕನ್ನಡ ಪದ ಇರುವ ಕಡೆ ಕಿವಿಗೆ ಬೇಗ ಸಿಗುವುದನ್ನು ಆರಿಸಿ, ಒಮ್ಮೆ ಆರಿಸಿದರೆ ಅದನ್ನೇ ಉಳಿಸಿಕೊಳ್ಳಿ. ಬ್ಲ್ಯಾಕ್ ಹೋಲ್‌ಗೆ ‘ಕೃಷ್ಣರಂಧ್ರ’ ಇದೆ, ‘ಕಪ್ಪು ಕುಳಿ’ ಇದೆ. ಒಂದೇ ಎಪಿಸೋಡ್‌ನಲ್ಲಿ ಎರಡೂ ಬಂದರೆ ಕೇಳುವವರು ಎರಡು ಬೇರೆ ವಸ್ತು ಅಂದುಕೊಳ್ಳುತ್ತಾರೆ. ಪುಸ್ತಕವಾದರೆ ಹಿಂದಿನ ಪುಟ ತಿರುಗಿಸಬಹುದು, ಇಲ್ಲಿ ಆಗಲ್ಲ. ನಾವು ಆರಿಸಿದ್ದು ಕಪ್ಪು ಕುಳಿ, ಆದರೆ ಅದು ನೆಲದಲ್ಲಿರುವ ಗುಂಡಿ ಥರ ಅಲ್ಲ ಅಂತ ಒಂದು ಮಾತು ಸೇರಿಸಲೇಬೇಕು. ‘ಕಾಲಯಾನ’ ಚೆನ್ನಾಗಿದೆ, ಮೊದಲ ಸಲ ಕೇಳಿದವರಿಗೂ ಗೊತ್ತಾಗುತ್ತೆ. ‘ಬೆಳಕಿನ ವರ್ಷ’ ಅಂದರೆ ಕಿವಿಗೆ ಬೀಳೋದು ‘ವರ್ಷ’, ಮನಸ್ಸು ಅದನ್ನು ಕಾಲ ಅಂದುಕೊಂಡುಬಿಡುತ್ತೆ. ಅದಕ್ಕೆ ‘ಇಷ್ಟು ಬೆಳಕಿನ ವರ್ಷ ದೂರ’ ಅಂತ ‘ದೂರ’ ಸೇರಿಸಿಯೇ ಹೇಳಬೇಕು. ಈ ಆಯ್ಕೆಗಳನ್ನೆಲ್ಲ ಒಂದು ಶೀಟ್‌ನಲ್ಲಿ ಹಾಕಿಟ್ಟಿದ್ದೇವೆ, ಹೊಸಬರು ಅದನ್ನು ಮೊದಲು ಓದಿ.

ಸಂಖ್ಯೆಗಳ ಕಥೆಯೂ ಹೀಗೇ. ಎಂಜಿನಿಯರಿಂಗ್ ಓದುವ ನಮಗೆ ಹತ್ತರ ಘಾತ ಕಂಡರೆ ಖುಷಿ, ಕಿವಿಗೆ ಅದು ಬರೀ ಸದ್ದು. ಒಂದು ಬೆಳಕಿನ ವರ್ಷ ಸುಮಾರು 9.46 ಲಕ್ಷ ಕೋಟಿ ಕಿಲೋಮೀಟರ್. ಕೇಳಿದವರು ‘ಓ’ ಅಂದು ಮರೆಯುತ್ತಾರೆ. ಅದರ ಬದಲು, ಸೂರ್ಯನನ್ನು ಬಿಟ್ಟರೆ ನಮಗೆ ಹತ್ತಿರದ ನಕ್ಷತ್ರ ಪ್ರಾಕ್ಸಿಮಾ, ಅದರಿಂದ ಇವತ್ತು ನಮ್ಮ ಹತ್ತಿರ ಬರುವ ಬೆಳಕು ನಾವು ಎಸ್ಸೆಸ್ಸೆಲ್ಸಿ ಓದುತ್ತಿದ್ದಾಗ ಅಲ್ಲಿಂದ ಹೊರಟಿದ್ದು ಅನ್ನಿ. ನಾಲ್ಕು ಚಿಲ್ಲರೆ ವರ್ಷ ಅನ್ನೋದು ಆಗ ಮೈಗೆ ತಾಗುತ್ತೆ. ಇಂಟರ್‌ಸ್ಟೆಲ್ಲರ್‌ನ ನೀರಿನ ಗ್ರಹದಲ್ಲಿ ಒಂದು ಗಂಟೆ ಕಳೆದರೆ ಭೂಮಿಯಲ್ಲಿ ಏಳು ವರ್ಷ. ಇದನ್ನು ಲೆಕ್ಕ ಹಾಕಿ ಬಿಡಿಸಿ ನೋಡಿ. ಏಳು ವರ್ಷ ಅಂದರೆ 61,320 ಗಂಟೆ. ಅಂದರೆ ಅಲ್ಲಿ ಒಂದು ಸೆಕೆಂಡ್, ಇಲ್ಲಿ ಸುಮಾರು 17 ಗಂಟೆ. ಅಲ್ಲಿ ಒಬ್ಬರು ಒಂದು ಸಲ ಸೀನುವಷ್ಟರಲ್ಲಿ ಇಲ್ಲಿ ಬೆಳಗಿನ ತಿಂಡಿಯಿಂದ ನಡುರಾತ್ರಿ ದಾಟಿರುತ್ತೆ. ಐದು ನಿಮಿಷ ಟೀ ಕುಡಿದು ಬರ್ತೀವಿ ಅಂತ ಹೋದರೆ ಇಲ್ಲಿ ಏಳು ತಿಂಗಳು, ಸೆಮಿಸ್ಟರ್ ಮುಗಿದು ರಿಸಲ್ಟೂ ಬಂದಿರುತ್ತೆ. ರಾಯಚೂರಿನವನು ಜೋರಾಗಿ ನಕ್ಕಿದ್ದು ಈ ಜಾಗದಲ್ಲಿ. ಅದು ಉಳಿಯಿತು, 61,320 ಕತ್ತರಿಸಿದೆವು.

ಸ್ಕ್ರಿಪ್ಟ್ ಪೂರ್ತಿ ಬರೆದುಕೊಳ್ಳಬೇಕಾ ಬೇಡವಾ ಅಂತ ಪ್ರತಿ ವರ್ಷ ಜಗಳ ಆಗುತ್ತೆ. ಪೂರ್ತಿ ಬರೆದರೆ ಓದುವ ದನಿ ಬರುತ್ತೆ. ಏನೂ ಬರೆಯದಿದ್ದರೆ ಹತ್ತು ನಿಮಿಷ ‘ಆಕ್ಚುಲಿ, ಅಂದ್ರೆ, ಸೋ’. ನಾವು ಮೊದಲ ಒಂದು ನಿಮಿಷ ಮತ್ತು ಕಷ್ಟದ ವಿವರಣೆಗಳನ್ನು ಮಾತ್ರ ಪೂರ್ತಿ ಬರೆಯುತ್ತೇವೆ, ಉಳಿದದ್ದು ಪಾಯಿಂಟ್. ಕನ್ನಡದಲ್ಲಿ ಇನ್ನೊಂದು ತೊಡಕಿದೆ. ಬರೆಯುವ ಕನ್ನಡ ಬೇರೆ, ಆಡುವ ಕನ್ನಡ ಬೇರೆ. ‘ಅವನು ಯಂತ್ರವನ್ನು ನಿರ್ಮಿಸುತ್ತಾನೆ’ ಅಂತ ಕಾಗದದಲ್ಲಿ ಇದ್ದರೆ ಬಾಯಿ ವಾರ್ತೆ ಓದಿದ ಹಾಗೆ ಓದುತ್ತೆ. ‘ಅವನೊಂದು ಮಷೀನ್ ಕಟ್ತಾನೆ’ ಅಂತಲೇ ಬರೆದುಕೊಳ್ಳಿ. ಮಂಗಳೂರಿನವರು ಮಂಗಳೂರಿನ ಹಾಗೆ, ಧಾರವಾಡದವರು ಧಾರವಾಡದ ಹಾಗೆ ಬರೆದುಕೊಂಡರೆ ಇನ್ನೂ ಒಳ್ಳೇದು. ಮಂಗಳ ಗ್ರಹದವರು ಬೆಂಗಳೂರು ಕನ್ನಡದಲ್ಲೇ ಮಾತಾಡಬೇಕು ಅಂತ ಎಲ್ಲೂ ರೂಲ್ ಇಲ್ಲ.

ಎಪಿಸೋಡ್‌ಗೆ ವಿಷಯ ಆರಿಸುವಾಗ ಹೆಸರು ಸಾಲದು, ಪ್ರಶ್ನೆ ಬೇಕು. ‘ಫ್ರಾಂಕನ್‌ಸ್ಟೈನ್ ಬಗ್ಗೆ’ ಅಂದರೆ ಇಬ್ಬರೂ ಕಥೆ ಹೇಳಿ, ಇಬ್ಬರೂ ಚೆನ್ನಾಗಿದೆ ಅಂದು ಎದ್ದುಹೋಗುತ್ತಾರೆ. ‘ತಪ್ಪು ಯಾರದ್ದು, ಜೀವ ಕೊಟ್ಟು ಓಡಿಹೋದವನದ್ದಾ, ಜೀವ ಬಂದು ಕೊಲೆ ಮಾಡಿದವನದ್ದಾ?’ ಅಂದರೆ ಜಗಳ ಹುಟ್ಟುತ್ತೆ, ಎಐ ವಿಷಯ ತಾನಾಗಿಯೇ ಬರುತ್ತೆ, ಮೂರನೇ ಕುರ್ಚಿಯವರೂ ಮನಸ್ಸಿನಲ್ಲೇ ಒಂದು ಪಕ್ಷ ಹಿಡಿಯುತ್ತಾರೆ. ಅಂದಹಾಗೆ ಫ್ರಾಂಕನ್‌ಸ್ಟೈನ್ ಅನ್ನೋದು ಮಾಡಿದವನ ಹೆಸರು, ರಾಕ್ಷಸನಿಗೆ ಕಾದಂಬರಿಯಲ್ಲಿ ಹೆಸರೇ ಇಲ್ಲ. ಮೇರಿ ಶೆಲ್ಲಿ ಅದನ್ನು ಶುರು ಮಾಡಿದಾಗ ಅವರಿಗೆ 18 ವರ್ಷ, 1818ರಲ್ಲಿ ಪುಸ್ತಕ ಬಂದಾಗ 20. ನಮ್ಮ ಫಸ್ಟ್ ಇಯರ್‌ನಿಂದ ಥರ್ಡ್ ಇಯರ್ ಅಷ್ಟೇ. ಇದನ್ನು ಕೇಳಿ ಒಂದು ಕ್ಷಣ ಎಲ್ಲರೂ ಸುಮ್ಮನಾಗುತ್ತಾರೆ.

ಕಥೆಯ ಗುಟ್ಟು ಬಿಡುವ ಮುಂಚೆ ಎಚ್ಚರಿಸಬೇಕು. 2024ರಲ್ಲಿ ಬಂದ ನಮ್ಮ ಕನ್ನಡದ ‘ಬ್ಲಿಂಕ್’ ಸಿನಿಮಾ ಒಳ್ಳೆ ಉದಾಹರಣೆ. ರೆಪ್ಪೆ ಮಿಟುಕಿಸದೆ ಇರುವಷ್ಟು ಹೊತ್ತು ಕಾಲಯಾನ ಅನ್ನೋದನ್ನು ಹೇಳಿದರೆ ನೋಡದವರಿಗೆ ನೋಡುವ ಆಸೆ ಹುಟ್ಟುತ್ತೆ. ಅದರ ಮುಂದಿನದನ್ನು ಹೇಳಿದರೆ ಅವರು ಟಿಕೆಟ್‌ನ ದುಡ್ಡು ಉಳಿಸಿಕೊಳ್ಳುತ್ತಾರೆ, ಜೊತೆಗೆ ನಮ್ಮನ್ನು ಬೈಯುತ್ತಾರೆ. ನಾವು ಅರ್ಧದವರೆಗೆ ಗುಟ್ಟಿಲ್ಲದೆ ಮಾತಾಡಿ, ಸ್ಟೀಲ್ ಲೋಟಕ್ಕೆ ಚಮಚದಿಂದ ಒಂದು ಸಲ ಟಣ್ ಅನ್ನಿಸುತ್ತೇವೆ. ಆಮೇಲೆ ಎಲ್ಲ ಬಿಚ್ಚಿ. ಆ ಟಣ್ ಎಷ್ಟನೇ ನಿಮಿಷಕ್ಕೆ ಅಂತ ವಿವರಣೆಯಲ್ಲಿ ಹಾಕಿ.

ಹೇಳುವ ಸಂಗತಿ ನಿಜವಾ ಅಂತ ನೋಡೋದು ಬೋರು ಹೊಡೆಸುವ ಕೆಲಸ, ಆದರೆ ವಿಜ್ಞಾನ ಕಥೆಯ ಲೋಕದಲ್ಲಿ ದಂತಕಥೆಗಳು ಜಾಸ್ತಿ. ‘ವಾರ್ ಆಫ್ ದಿ ವರ್ಲ್ಡ್ಸ್ ಕೇಳಿ ಇಡೀ ಅಮೆರಿಕ ಬೀದಿಗೆ ಓಡಿತು’ ಅಂತ ಎಲ್ಲರೂ ಹೇಳುತ್ತಾರೆ. ಕೆಲವರು ಹೆದರಿದ್ದು ಹೌದು, ಆದರೆ ಗಾಬರಿಯನ್ನು ಪತ್ರಿಕೆಗಳು ಬಹಳ ಉಬ್ಬಿಸಿದವು ಅಂತ ಇತಿಹಾಸಕಾರರು ತೋರಿಸಿದ್ದಾರೆ. ‘ಆರ್ಥರ್ ಕ್ಲಾರ್ಕ್ ಉಪಗ್ರಹ ಕಂಡುಹಿಡಿದರು’ ಅನ್ನೋದೂ ಅಂಥದ್ದೇ. ಅವರು 1945ರಲ್ಲಿ ‘ವೈರ್‌ಲೆಸ್ ವರ್ಲ್ಡ್’ ಪತ್ರಿಕೆಯಲ್ಲಿ ಬರೆದದ್ದು ಭೂಸ್ಥಿರ ಕಕ್ಷೆಯಲ್ಲಿ ಮೂರು ನಿಲ್ದಾಣ ಇಟ್ಟರೆ ಇಡೀ ಜಗತ್ತಿಗೆ ಸಂದೇಶ ಮುಟ್ಟಿಸಬಹುದು ಅಂತ. ನಿಜ ಸಂಗತಿ ದಂತಕಥೆಗಿಂತ ಚೆನ್ನಾಗಿದೆ, ಅದನ್ನೇ ಹೇಳಿ.

ಇನ್ನು ರೂಮು. ಹಾಸ್ಟೆಲ್ ರೂಮಿನ ಗೋಡೆ ಬರೀ ಸಿಮೆಂಟು, ನೆಲ ಟೈಲ್ಸು. ಬಾಯಿಂದ ಹೊರಟ ಸದ್ದು ನೇರ ಮೈಕ್‌ಗೂ ಹೋಗುತ್ತೆ, ಗೋಡೆಗೆ ಬಡಿದೂ ಬರುತ್ತೆ. ಎರಡನೆಯದು ಜಾಸ್ತಿ ಆದರೆ ಬಾವಿಯೊಳಗಿಂದ ಮಾತಾಡಿದ ಹಾಗೆ ಕೇಳುತ್ತೆ. ಸಾಫ್ಟ್‌ವೇರ್‌ನಿಂದ ಫ್ಯಾನ್ ಸದ್ದು ಒಂದು ಮಟ್ಟಕ್ಕೆ ತೆಗೆಯಬಹುದು, ಈ ಗೋಡೆ ಸದ್ದನ್ನು ಪೂರ್ತಿ ತೆಗೆಯೋದು ತುಂಬ ಕಷ್ಟ. ಫಿಸಿಕ್ಸ್‌ನಲ್ಲಿ ಓದಿದ್ದು ಇಲ್ಲಿ ಕೆಲಸಕ್ಕೆ ಬರುತ್ತೆ. ಮೈಕ್‌ನಿಂದ ದೂರ ಎರಡು ಪಟ್ಟು ಆದರೆ ನೇರ ಸದ್ದು 6 ಡೆಸಿಬೆಲ್ ಇಳಿಯುತ್ತೆ, ಗೋಡೆಯಿಂದ ಬರುವುದು ಹೆಚ್ಚುಕಮ್ಮಿ ಅಷ್ಟೇ ಇರುತ್ತೆ. ಒಂದು ಗೇಣು ದೂರದಲ್ಲಿ ಕೂರುವ ಬದಲು ನಾಲ್ಕು ಗೇಣು ದೂರ ಕೂತರೆ 12 ಡೆಸಿಬೆಲ್ ಹೋಯ್ತು. ಅದನ್ನು ಸರಿಮಾಡಲು ವಾಲ್ಯೂಮ್ ಏರಿಸಿದರೆ ಗೋಡೆ, ಫ್ಯಾನು, ಪಕ್ಕದ ರೂಮಿನ ಪಬ್‌ಜಿ ಎಲ್ಲ ಜೊತೆಗೇ ಏರುತ್ತೆ. ಹಾಗಾಗಿ ಎರಡು ಸಾವಿರದ ಮೈಕ್ ಒಂದು ಗೇಣಿನಲ್ಲಿದ್ದರೆ ಇಪ್ಪತ್ತು ಸಾವಿರದ ಮೈಕ್ ಮೇಜಿನ ಆಚೆ ತುದಿಯಲ್ಲಿರುವುದಕ್ಕಿಂತ ಮೇಲು. ಗೋಡೆಗೆ ಹಾಸಿಗೆ ಒರಗಿಸಿ, ಬಟ್ಟೆ ತುಂಬಿದ ಬೀರು ಬಾಗಿಲು ತೆರೆದು ಅದರ ಮುಂದೆ ಕೂತುಕೊಳ್ಳಿ. ಒಗೆಯದ ಬಟ್ಟೆ ಕೂಡ ಸದ್ದನ್ನು ಅಷ್ಟೇ ಚೆನ್ನಾಗಿ ಹೀರುತ್ತೆ, ಆ ವಿಷಯದಲ್ಲಿ ನಮ್ಮ ಹಾಸ್ಟೆಲ್ ಶ್ರೀಮಂತ.

ಫ್ಯಾನ್ ಆಫ್. ಏಪ್ರಿಲ್‌ನಲ್ಲೂ ಆಫ್. ಹದಿನೈದು ನಿಮಿಷಕ್ಕೊಮ್ಮೆ ಬಿಡುವು ಕೊಟ್ಟು ಹಾಕಿಕೊಳ್ಳಿ.

ಮೈಕ್‌ಗೆ ನೇರ ಮುಖ ಕೊಡದೆ ಸ್ವಲ್ಪ ಪಕ್ಕಕ್ಕೆ ಮಾತಾಡಬೇಕು. ಪ, ಬ ಹೇಳುವಾಗ ತುಟಿಯಿಂದ ಗಾಳಿ ಬುಸ್ ಅಂತ ಮೈಕ್‌ಗೆ ಹೊಡೆಯುತ್ತೆ. ನಮ್ಮಲ್ಲಿ ಇದಕ್ಕೆ ಜೊತೆಯಾಗಿ ಮಹಾಪ್ರಾಣ ಬೇರೆ ಇದೆ. ‘ಭವಿಷ್ಯ’, ‘ಭೂಮಿ’, ‘ಭಯ’ ವಿಜ್ಞಾನ ಕಥೆಯಲ್ಲಿ ನಿಮಿಷಕ್ಕೆ ನಾಲ್ಕು ಸಲ ಬರುವ ಪದಗಳು. ‘ಬವಿಷ್ಯ’ ಅನ್ನುವವರ ರೆಕಾರ್ಡಿಂಗ್ ಕ್ಲೀನ್ ಆಗಿರುತ್ತೆ, ಸರಿಯಾಗಿ ಉಚ್ಚರಿಸುವವರದ್ದು ಢಬ್ ಅನ್ನುತ್ತೆ! ಉಚ್ಚಾರ ಕೆಡಿಸಿಕೊಳ್ಳಬೇಡಿ, ಮುಖ ತಿರುಗಿಸಿ.

ರಜೆಯಲ್ಲಿ ಇಬ್ಬರು ಬೇರೆ ಬೇರೆ ಊರಿನಲ್ಲಿದ್ದರೆ ಕಾಲ್ ರೆಕಾರ್ಡ್ ಮಾಡಬೇಡಿ. ಕಾಲ್‌ನಲ್ಲಿ ಮಾತಾಡಿ, ಆದರೆ ಪ್ರತಿಯೊಬ್ಬರೂ ತಮ್ಮ ದನಿಯನ್ನು ತಮ್ಮ ತಮ್ಮ ಮೊಬೈಲ್‌ನಲ್ಲೇ ಬೇರೆಯಾಗಿ ರೆಕಾರ್ಡ್ ಮಾಡಿ ಕಳಿಸಬೇಕು. ಶುರುವಿನಲ್ಲಿ ಒಂದು, ಎರಡು, ಮೂರು ಅಂತ ಎಣಿಸಿ ಚಪ್ಪಾಳೆ ಹೊಡೆದರೆ ಎಡಿಟ್ ಮಾಡುವವರು ಎರಡು ಟ್ರ್ಯಾಕ್‌ನ ಆ ಮುಳ್ಳುಗಳನ್ನು ಹೊಂದಿಸುತ್ತಾರೆ. ಕೊನೆಯಲ್ಲೂ ಒಂದು ಚಪ್ಪಾಳೆ ಬೇಕು, ಯಾಕಂದರೆ ಎರಡು ಮೊಬೈಲ್‌ನ ಕ್ರಿಸ್ಟಲ್ ಗಡಿಯಾರ ಒಂದೇ ವೇಗದಲ್ಲಿ ಓಡಲ್ಲ. ಹತ್ತು ಲಕ್ಷಕ್ಕೆ 50ರಷ್ಟು ವ್ಯತ್ಯಾಸ ಇದ್ದರೂ ಒಂದು ಗಂಟೆಗೆ 0.18 ಸೆಕೆಂಡ್ ಜಾರುತ್ತೆ. ಜೋಕಿಗೂ ನಗುವಿಗೂ ನಡುವೆ ಅಷ್ಟು ಸಾಕು, ನಗು ನಕಲಿ ಅನ್ನಿಸುತ್ತೆ. ಎರಡು ಗಡಿಯಾರ, ಎರಡು ಕಾಲ. ಇಂಟರ್‌ಸ್ಟೆಲ್ಲರ್ ನಮ್ಮ ಲ್ಯಾಪ್‌ಟಾಪ್‌ನಲ್ಲೇ ಇದೆ.

ಎಡಿಟಿಂಗ್‌ಗೆ ಆಡಾಸಿಟಿ ಸಾಕು, ಉಚಿತ. ಮೊದಲು ಮಾತು ಕತ್ತರಿಸಿ, ಆಮೇಲೆ ಸದ್ದು ಸರಿಮಾಡಿ. ಉಸಿರನ್ನೆಲ್ಲ ಕತ್ತರಿಸಿದರೆ ಮನುಷ್ಯರು ಮಾತಾಡಿದ ಹಾಗೆ ಇರಲ್ಲ. ನಾಯ್ಸ್ ರಿಡಕ್ಷನ್ ಸ್ವಲ್ಪವೇ ಹಾಕಿ, ಜಾಸ್ತಿ ಆದರೆ ನೀರಿನಡಿ ಮಾತಾಡಿದ ಹಾಗಾಗುತ್ತೆ. 80 ಹರ್ಟ್ಸ್‌ಗಿಂತ ಕೆಳಗಿನ ಗುಡುಗುಡು ತೆಗೆಯಲು ಹೈಪಾಸ್ ಫಿಲ್ಟರ್, ಆಮೇಲೆ ಕಂಪ್ರೆಸರ್, ಕೊನೆಗೆ ಲೌಡ್‌ನೆಸ್ ನಾರ್ಮಲೈಸೇಷನ್. ಆ್ಯಪಲ್ ಪಾಡ್‌ಕಾಸ್ಟ್ಸ್ ಸೂಚಿಸುವ ಮಟ್ಟ ಮೈನಸ್ 16 ಎಲ್‌ಯುಎಫ್‌ಎಸ್‌ನ ಆಸುಪಾಸು, ನಾವೂ ಅದನ್ನೇ ಹಿಡಿದಿದ್ದೇವೆ. ಅದರ ಅರ್ಥ ಇಷ್ಟೇ: ಹಿಂದಿನ ಪಾಡ್‌ಕಾಸ್ಟ್ ಮುಗಿದು ನಮ್ಮದು ಶುರುವಾದಾಗ ಕೇಳುವವರ ಕೈ ವಾಲ್ಯೂಮ್ ಬಟನ್‌ಗೆ ಹೋಗಬಾರದು. ಮಾತಿಗೆ ಮೋನೊ, 64 ಕೆಬಿಪಿಎಸ್ ಎಂಪಿ3 ಸಾಕು. ಅರ್ಧ ಗಂಟೆಗೆ 14.4 ಎಂಬಿ ಆಗುತ್ತೆ, ಡೇಟಾ ಪ್ಯಾಕ್ ಲೆಕ್ಕ ಹಾಕುವವರೂ ಇಳಿಸಿಕೊಳ್ಳಬಹುದು. ಕೊನೆ ಪರೀಕ್ಷೆ ಹೆಡ್‌ಫೋನ್‌ನಲ್ಲಿ ಬೇಡ. ಸರ್ಕಾರಿ ಬಸ್ಸಿನ ಹಿಂದಿನ ಸೀಟಿನಲ್ಲಿ ಕೂತು ಕೇಳಿ. ಮೆಲ್ಲಗೆ ಹೇಳಿದ ಮಾತು ಅಲ್ಲಿ ಕೇಳಿಸಿದರೆ ಪಾಸ್.

ಹಕ್ಕಿನ ವಿಷಯದಲ್ಲಿ ಹುಷಾರು. ಭಾರತದಲ್ಲಿ ಸಾಹಿತ್ಯ ಕೃತಿಗೆ ಲೇಖಕರು ತೀರಿಕೊಂಡ ಮೇಲೆ 60 ವರ್ಷ ಕಾಪಿರೈಟ್ ಇರುತ್ತೆ. ವಿಮರ್ಶೆ ಮಾಡುವಾಗ ಒಂದೆರಡು ಸಾಲು ಉದ್ಧರಿಸಲು ಕಾನೂನು ಬಿಡುತ್ತೆ, ಇಡೀ ಕಥೆ ಓದಿಬಿಡಲು ಬಿಡಲ್ಲ. ಕಾದಂಬರಿಕಾರ ವೆಲ್ಸ್ ತೀರಿಕೊಂಡದ್ದು 1946, ಅವರದ್ದನ್ನು ನಾವೇ ಕನ್ನಡ ಮಾಡಿ ಪೂರ್ತಿ ಓದಬಹುದು. ಆದರೆ ಬೇರೆ ಯಾರೋ ಮಾಡಿದ ಕನ್ನಡ ಅನುವಾದಕ್ಕೆ ಅವರ ಹಕ್ಕು ಬೇರೆ. ಸಿನಿಮಾ ಹಾಡನ್ನು ಹಿನ್ನೆಲೆಗೆ ಹಾಕುವ ಆಸೆ ಬಿಡಿ.

ಕನ್ನಡದ ವಿಜ್ಞಾನ ಕಥೆಗಳ ಬಗ್ಗೆ ಮಾಡುವ ಎಪಿಸೋಡ್‌ಗಳಿಗೆ ಬೇರೆ ಥರ ತಯಾರಿ ಬೇಕು. ‘ಸ್ಟಾರ್ ವಾರ್ಸ್’ ಬಗ್ಗೆ ಮಾತಾಡಲು ಜಗತ್ತಿನಲ್ಲಿ ಸಾವಿರ ಪಾಡ್‌ಕಾಸ್ಟ್ ಇವೆ. ರಾಜಶೇಖರ ಭೂಸನೂರಮಠರ ‘ಆಪರೇಷನ್ ಯುಎಫ್‌ಓ’ ಬಗ್ಗೆ ನಾವು ಮಾತಾಡದಿದ್ದರೆ ಬೇರೆ ಯಾರು ಮಾತಾಡುತ್ತಾರೆ? ಅವರ ಹಳೆಯ ಪುಸ್ತಕಗಳಿಗೆ ಆನ್‌ಲೈನ್ ಹುಡುಕಾಟ ಸಾಲದು, ಲೈಬ್ರರಿಯ ಕಪಾಟಿನ ಮುಂದೆ ನಿಲ್ಲಬೇಕು. ಅವನ್ನೆಲ್ಲ ಹೊಸದರಲ್ಲೇ ಓದಿದವರು ನಮ್ಮ ಅಪ್ಪ ಅಮ್ಮನ ವಯಸ್ಸಿನವರು, ನಮ್ಮ ಡಿಪಾರ್ಟ್‌ಮೆಂಟ್‌ನ ಹಿರಿಯ ಮೇಷ್ಟ್ರುಗಳು. ಅವರನ್ನು ಕರೆದು ಕೂರಿಸಿದರೆ ‘ಸರ್, ಕನ್ನಡ ವಿಜ್ಞಾನ ಕಥೆಯ ಬಗ್ಗೆ ನಿಮ್ಮ ಅಭಿಪ್ರಾಯ ಏನು?’ ಅಂತ ಕೇಳಬೇಡಿ, ಭಾಷಣ ಬರುತ್ತೆ. ‘ಸರ್, ಆ ಪುಸ್ತಕ ನಿಮ್ಮ ಕೈಗೆ ಮೊದಲು ಬಂದದ್ದು ಎಲ್ಲಿ?’ ಅಂತ ಕೇಳಿ. ಆಮೇಲೆ ಸುಮ್ಮನಿರಿ. ಅವರು ನಿಲ್ಲಿಸಿದರು ಅಂತ ಗಡಿಬಿಡಿಯಲ್ಲಿ ಮುಂದಿನ ಪ್ರಶ್ನೆಗೆ ಹೋಗಬೇಡಿ, ನಾಲ್ಕು ಸೆಕೆಂಡ್ ಕಾದರೆ ಬರುವ ಮಾತೇ ಚೆನ್ನಾಗಿರೋದು. ‘ಹೂಂ ಹೂಂ’ ಅನ್ನಬೇಡಿ, ತಲೆ ಆಡಿಸಿ ಸಾಕು. ಈ ರೆಕಾರ್ಡಿಂಗ್‌ಗಳ ಮೂಲ ಫೈಲ್ ಎಂದೂ ಅಳಿಸಬಾರದು. ಅರ್ಧ ಗಂಟೆಯ ಮೋನೊ ವೇವ್ ಫೈಲ್ ಸುಮಾರು 160 ಎಂಬಿ, ಒಂದು ಸಿನಿಮಾ ಡಿಲೀಟ್ ಮಾಡಿದರೆ ಐದಾರು ಹಿರಿಯರ ದನಿಗೆ ಜಾಗ ಆಗುತ್ತೆ.

ವೇಳಾಪಟ್ಟಿ ವಿಷಯ: ವಾರಕ್ಕೊಂದು ಅಂತ ಘೋಷಿಸಬೇಡಿ, ಇಂಟರ್ನಲ್ಸ್ ಬಂದಾಗ ನಿಲ್ಲುತ್ತೆ. ನಾವು ಸೆಮಿಸ್ಟರ್‌ಗೆ ಆರು ಅಂತ ಸೀಸನ್ ಮಾಡಿ, ಕ್ಲಾಸ್ ಶುರುವಾಗುವ ಮುಂಚೆಯೇ ಮೂರು ರೆಕಾರ್ಡ್ ಮಾಡಿಟ್ಟುಕೊಳ್ಳುತ್ತೇವೆ. ಆರನೆಯದರಲ್ಲಿ ‘ಪರೀಕ್ಷೆ ಮುಗಿಸಿ ಬರ್ತೀವಿ’ ಅಂತ ಹೇಳುತ್ತೇವೆ. ಹೇಳಿ ನಿಲ್ಲಿಸಿದರೆ ಅದು ರಜೆ. ಹೇಳದೆ ನಿಲ್ಲಿಸಿದರೆ ಕೇಳುವವರು ಸತ್ತಿತು ಅಂದುಕೊಳ್ಳುತ್ತಾರೆ.

ಡೌನ್‌ಲೋಡ್ ಸಂಖ್ಯೆಗೆ ತಲೆ ಕೆಡಿಸಿಕೊಳ್ಳಬೇಡಿ. ಡೌನ್‌ಲೋಡ್ ಆಯ್ತು ಅಂದರೆ ಕೇಳಿದರು ಅಂತ ಅಲ್ಲ, ಮೊಬೈಲ್ ತಾನಾಗಿಯೇ ಇಳಿಸಿಕೊಂಡಿರಬಹುದು. ಕೆಲವು ಆ್ಯಪ್‌ಗಳು ಕೇಳುವವರು ಯಾವ ನಿಮಿಷದಲ್ಲಿ ಬಿಟ್ಟುಹೋದರು ಅಂತ ಗೆರೆ ಎಳೆದು ತೋರಿಸುತ್ತವೆ. ನೋಡಬೇಕಾದ್ದು ಅದು. ಗೆರೆ ಧಡಕ್ಕನೆ ಬಿದ್ದ ಜಾಗಕ್ಕೆ ಹೋಗಿ ಕೇಳಿ. ಹೆಚ್ಚಾಗಿ ಅಲ್ಲಿ ಇಬ್ಬರು ಫ್ರೆಂಡ್ಸ್ ತಮ್ಮತಮ್ಮಲ್ಲೇ ನಗುತ್ತಿರುತ್ತಾರೆ.

ಉಳಿದದ್ದು ಬೀಗದ ಕೈ. ಪಾಡ್‌ಕಾಸ್ಟ್‌ನ ಅಕೌಂಟ್ ಯಾರೊಬ್ಬರ ಸ್ವಂತ ಇಮೇಲ್‌ನಲ್ಲಿ ಇರಬಾರದು, ಅವರಿಗೆ ಕೆಲಸ ಸಿಕ್ಕಿ ಪುಣೆಗೆ ಹೋದರೆ ಓಟಿಪಿಗಾಗಿ ನಾವು ರಾತ್ರಿ ಹನ್ನೊಂದಕ್ಕೆ ಫೋನ್ ಮಾಡುತ್ತಿರಬೇಕಾಗುತ್ತೆ. ಸಂಘದ ಇಮೇಲ್‌ಗೆ ಎಲ್ಲ ವರ್ಗಾಯಿಸಿ ಆಗಿದೆ. ಪಾಸ್‌ವರ್ಡ್ ಕಾರ್ಯದರ್ಶಿ ಮತ್ತು ಸಂಘದ ಮೇಡಂ ಹತ್ತಿರ ಇರುತ್ತೆ. ಮೂಲ ಫೈಲ್‌ಗಳ ಹಾರ್ಡ್ ಡಿಸ್ಕ್ ಸಂಘದ ರೂಮಿನ ಬೀರುವಿನಲ್ಲಿದೆ, ಒಂದು ಪ್ರತಿ ಕ್ಲೌಡ್‌ನಲ್ಲಿದೆ. ಪದಗಳ ಶೀಟ್ ಅದರ ಜೊತೆಗೇ ಇದೆ.

ಮುಂದಿನ ಎಪಿಸೋಡ್ ಜಗದೀಶ್ ಚಂದ್ರ ಬೋಸ್ 1896ರಲ್ಲಿ ಬಂಗಾಳಿಯಲ್ಲಿ ಬರೆದ ಕಥೆಯ ಬಗ್ಗೆ. ಅದರಲ್ಲಿ ಒಂದು ಶೀಶೆ ತಲೆಗೆ ಹಚ್ಚುವ ಎಣ್ಣೆ ಚಂಡಮಾರುತವನ್ನು ನಿಲ್ಲಿಸುತ್ತೆ. ಪ್ರಶ್ನೆ: ಒಂದು ಶೀಶೆ ಎಣ್ಣೆ ನೀರಿನ ಮೇಲೆ ಎಷ್ಟು ದೂರ ಹರಡಬಹುದು? ಕೆಮಿಕಲ್ ಡಿಪಾರ್ಟ್‌ಮೆಂಟ್‌ನವರು ಒಬ್ಬರು ಬೇಕು, ಬಂಗಾಳಿ ಓದಲು ಬರುವವರು ಹಾಸ್ಟೆಲ್‌ನಲ್ಲಿದ್ದರೆ ಅವರೂ ಬೇಕು. ಸಂಘದ ರೂಮಿಗೆ ಬನ್ನಿ. ಲೋಟ, ಚಮಚ ಕಿಟಕಿ ಮೇಲಿದೆ, ದಯವಿಟ್ಟು ಯಾರೂ ಅದರಲ್ಲಿ ಟೀ ಕುಡಿಯಬೇಡಿ.